ಬಸದಿಯ ದಾರಿಯ ಮರಗಳು

ಬಸದಿಯ ದರ್ಶನವು ಮಾನಸ್ತಂಭದ ಬಳಿ ಆರಂಭವಾಗುವುದಿಲ್ಲ, ಮನೆಯ ಹೊಸ್ತಿಲು ದಾಟಿದಾಗಲೇ ಆರಂಭವಾಗುತ್ತದೆ ಎಂದು ನನ್ನ ತೀರ್ಥರೂಪರು ಹೇಳುತ್ತಿದ್ದರು. ಅವರ ಕೈಹಿಡಿದು ನಾನು ಮೊದಲು ನಡೆದ ದಾರಿ ನಮ್ಮೂರ ಬಸದಿಗೆ ಹೋಗುವ ಒಳರಸ್ತೆ. ಮೂಡುಬಿದಿರೆ ಮತ್ತು ವೇಣೂರುಗಳ ನಡುವಣ ಹೆದ್ದಾರಿಯನ್ನು ಬಿಟ್ಟು ಒಂದು ಕವಲಿನಲ್ಲಿ ತಿರುಗಿದರೆ, ಗದ್ದೆಯ ಅಂಚಿನಲ್ಲಿಯೂ ಮುರಕಲ್ಲಿನ ಗುಡ್ಡದ ತಪ್ಪಲಿನಲ್ಲಿಯೂ ಸುಮಾರು 4 ಕಿಲೋಮೀಟರು ಸಾಗುವ ದಾರಿ ಅದು. ಅದರ ಎರಡೂ ಬದಿಗಳಲ್ಲಿ ಧೂಪ, ಬಸರಿ, ಅತ್ತಿ, ನೇರಳೆ, ಹಾಳೆ, ಆಲ ಮೊದಲಾದ ಮರಗಳು ನಿಂತಿದ್ದವು. ನೆಟ್ಟವರು ಯಾರೆಂಬುದು ನಮ್ಮ ಅಜ್ಜನವರಿಗೂ ತಿಳಿದಿರಲಿಲ್ಲ. ತಮ್ಮ ಹೆಸರನ್ನು ಉಳಿಸದೆ ನೆರಳನ್ನು ಮಾತ್ರ ಉಳಿಸಿಹೋದ ಆ ಪುಣ್ಯಾತ್ಮರನ್ನು ನೆನೆಯದೆ ನಾನು ಈ ಲೇಖನವನ್ನು ಆರಂಭಿಸಲಾರೆ. ಏಕೆಂದರೆ ಮುಂದೆ ಹೇಳಬೇಕಾಗಿರುವುದು ಅವರಿಗೆ ನಾವು, ವಿಶೇಷವಾಗಿ ನಾನು, ಮಾಡಿದ ಅಪರಾಧದ ಮಾತು.

ಅರುವತ್ತು ವರ್ಷಗಳ ಕಾಲ ಎಲ್ಲ ಋತುಗಳಲ್ಲಿಯೂ ನಾನು ಆ ದಾರಿಯನ್ನು ನಡೆದಿದ್ದೇನೆ. ನಮ್ಮ ಸೀಮೆಯಲ್ಲಿ ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬಯಲಿನಲ್ಲಿ ಆ ಮಳೆಯ ಪೆಟ್ಟು ಮಣ್ಣನ್ನು ಕೊರೆದು ಕೊಚ್ಚಿಕೊಂಡು ಹೋಗುತ್ತದೆ. ಮರದ ಕೆಳಗಾದರೆ ಅದೇ ಮಳೆ ಎಲೆಯಿಂದ ಎಲೆಗೆ ಇಳಿದು, ಕಾಂಡವನ್ನು ಹಿಡಿದು ಜಾರಿ, ನೆಲಕ್ಕೆ ಬರುವಾಗ ತನ್ನ ಕಾಠಿಣ್ಯವನ್ನು ಕಳೆದುಕೊಂಡಿರುತ್ತದೆ. ಕೊಡೆ ಹಿಡಿದು ನಡೆಯುವ ಹುಡುಗನಿಗೂ ಈ ವ್ಯತ್ಯಾಸ ಕಿವಿಗೆ ತಿಳಿಯುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ಹಳೆಯ ಕೊಂಬೆಗಳಲ್ಲಿ ಸೀತಾಳೆ ದಂಡೆಯ ಗೊಂಚಲುಗಳು ತೂಗುತ್ತಿದ್ದವು. ಕಾಂಡಗಳು ಹಾವಸೆಯನ್ನೂ ಜರೀಗಿಡಗಳನ್ನೂ ಹೊದೆದುಕೊಳ್ಳುತ್ತಿದ್ದವು. ಆಟಿಯ ಅಮಾವಾಸ್ಯೆಯಂದು ನಸುಕಿನಲ್ಲಿ ಊರಿನ ಜನ ಹಾಳೆಯ ಮರದ ಬಳಿಗೆ ಬಂದು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಒಂದಿಷ್ಟು ತೊಗಟೆಯನ್ನು ತೆಗೆದು ಕಷಾಯಕ್ಕೆ ಒಯ್ಯುತ್ತಿದ್ದರು. ಒಂದೇ ಮರ ಇಡೀ ಊರಿಗೆ ಔಷಧ ಕೊಟ್ಟೂ ಮರುವರ್ಷ ಹಾಗೆಯೇ ನಿಂತಿರುತ್ತಿತ್ತು. ಬೇಕಾದಷ್ಟನ್ನೇ ತೆಗೆಯುವ ಸಂಯಮವನ್ನು ಶಾಸ್ತ್ರ ಓದದ ಜನರೂ ಬಲ್ಲವರಾಗಿದ್ದರು.

ಆಷಾಢದಲ್ಲಿ ಆರಂಭವಾಗುವ ಚಾತುರ್ಮಾಸದಲ್ಲಿ ಪೂಜ್ಯ ಮುನಿಗಳು ಒಂದೆಡೆ ನೆಲೆಸುವ ಕಾರಣ ನನಗೆ ಅರ್ಥವಾದದ್ದು ಇದೇ ದಾರಿಯಲ್ಲಿ. ಆ ದಿನಗಳಲ್ಲಿ ನೆಲದ ಅಂಗುಲ ಅಂಗುಲದಲ್ಲಿಯೂ ಮೊಳಕೆ, ಹುಳು, ಸಹಸ್ರಪದಿ, ಕಪ್ಪೆಮರಿ ತುಂಬಿರುತ್ತವೆ. ಪಾದವಿಡಲು ನಿರ್ಜೀವವಾದ ಜಾಗವೇ ದೊರೆಯದು. ಈರ್ಯಾಸಮಿತಿಯು ನಾಲ್ಕು ಹಸ್ತ ಮುಂದೆ ನೋಡಿ, ಹಗಲಿನಲ್ಲಿ, ಜನ ನಡೆದು ಸವೆದ ದಾರಿಯಲ್ಲಿ ನಡೆಯಬೇಕೆಂದು ವಿಧಿಸುತ್ತದೆ. ಅದನ್ನು ಪಾಲಿಸಲು ಸಾಧ್ಯವಿಲ್ಲದ ಋತುವಿನಲ್ಲಿ ಮುನಿಗಳು ಬದಲಿಸುವುದು ತಮ್ಮ ಪ್ರಯಾಣವನ್ನು, ನೆಲವನ್ನಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ದೀಪಾವಳಿ ಕಳೆದು ಮುನಿಗಳ ವಿಹಾರ ಮತ್ತೆ ಆರಂಭವಾಗುವ ವೇಳೆಗೆ ಹಾಳೆಯ ಮರ ಹೂಬಿಟ್ಟು, ಸಂಜೆಯ ಗಾಳಿಯಲ್ಲಿ ಭಾರವಾದ ಪರಿಮಳ ತುಂಬುತ್ತಿತ್ತು. ಪುಷ್ಯಮಾಸದ ಬೆಳಗುಗಳಲ್ಲಿ ಮಂಜು ಗದ್ದೆಯಿಂದ ಎದ್ದು ದಾರಿಗೆ ಬರುತ್ತಿತ್ತು. ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಅನಂತರ ಧೂಪದ ಮರಗಳು ಬಿಳಿಯ ಹೂಗಳಿಂದ ತುಂಬುತ್ತಿದ್ದವು. ಪಶ್ಚಿಮಘಟ್ಟದಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಈ ಮರದ ಅಂಟೇ ನಮ್ಮ ಪೂಜೆಯ ಧೂಪವಾಗುತ್ತದೆ. ಭಗವಾನ್ ಮಹಾವೀರರಿಗೆ ಋಜುಕೂಲಾ ನದಿಯ ತೀರದಲ್ಲಿ ಯಾವ ವೃಕ್ಷದ ಕೆಳಗೆ ಕೇವಲಜ್ಞಾನವಾಯಿತೋ ಆ ಶಾಲವೃಕ್ಷವೂ ನಮ್ಮ ಧೂಪದ ಮರವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ಆದಿನಾಥರಿಗೆ ಕೇವಲಜ್ಞಾನವಾದದ್ದು ನ್ಯಗ್ರೋಧದ, ಎಂದರೆ ಆಲದ ಮರದ ಕೆಳಗೆ. ಆದ್ದರಿಂದ ನಮ್ಮ ದಾರಿಯಲ್ಲಿ ನಿಂತಿದ್ದ ಮರಗಳು ತೀರ್ಥಂಕರರ ಕಥೆಗೆ ಅಪರಿಚಿತವಾದವುಗಳಲ್ಲ.

ಚೈತ್ರದಲ್ಲಿ, ಮಹಾವೀರ ಜಯಂತಿಯ ಸುಮಾರಿಗೆ, ಕಕ್ಕೆಯ ಮರಗಳು ಹಳದಿ ಗೊಂಚಲುಗಳನ್ನು ಇಳಿಬಿಡುತ್ತಿದ್ದವು. ವೈಶಾಖ ಜ್ಯೇಷ್ಠಗಳಲ್ಲಿ ನೇರಳೆಯ ಹಣ್ಣು ಬಿದ್ದು ದಾರಿಯೆಲ್ಲ ನೀಲಿಯಾಗುತ್ತಿತ್ತು. ಬಿದ್ದ ಹಣ್ಣನ್ನು ಆಯ್ದು ತಿನ್ನುವಾಗಲೆಲ್ಲ ತಂದೆಯವರು ಷಟ್‌ಲೇಶ್ಯೆಯ ದೃಷ್ಟಾಂತವನ್ನು ಹೇಳುತ್ತಿದ್ದರು. ಹಸಿದ ಆರು ಜನ ದಾರಿಹೋಕರು ಒಂದು ಜಂಬೂವೃಕ್ಷವನ್ನು ಕಂಡರು. ಒಬ್ಬನು ಬುಡದಿಂದ ಕಡಿಯೋಣ ಎಂದುಕೊಂಡನು. ಇನ್ನೊಬ್ಬನು ದೊಡ್ಡ ಕೊಂಬೆಯನ್ನು, ಮತ್ತೊಬ್ಬನು ಸಣ್ಣ ರೆಂಬೆಯನ್ನು, ನಾಲ್ಕನೆಯವನು ಗೊಂಚಲನ್ನು, ಐದನೆಯವನು ಹಣ್ಣನ್ನಷ್ಟೇ ಕೀಳಬೇಕೆಂದುಕೊಂಡನು. ಆರನೆಯವನು ನೆಲಕ್ಕೆ ಬಿದ್ದ ಹಣ್ಣೇ ಸಾಕೆಂದನು. ಹಸಿವು ಆರು ಜನಕ್ಕೂ ಒಂದೇ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗೆ ಭಾವ ಮಾತ್ರ ಬೇರೆ. ನೀನು ಆರನೆಯವನಾಗು ಎಂದು ತಂದೆಯವರು ನನಗೆ ಹೇಳುತ್ತಿದ್ದರು. ನಾನು ಯಾರಾದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅತ್ತಿ, ಬಸರಿ, ಆಲಗಳ ವಿಷಯದಲ್ಲಿ ಇನ್ನೊಂದು ಮಾತುಂಟು. ಪಂಚ ಉದುಂಬರಗಳನ್ನು ನಾವು ತಿನ್ನುವುದಿಲ್ಲ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯ, ಮಾಂಸ, ಮಧುಗಳೊಂದಿಗೆ ಈ ಐದು ಫಲಗಳ ತ್ಯಾಗವೂ ಹೇಳಲ್ಪಟ್ಟಿದೆ. ಅವುಗಳೊಳಗೆ ತ್ರಸಜೀವಿಗಳು ಇರುತ್ತವೆಂಬುದೇ ಕಾರಣ. ಇಂದಿನ ಜೀವಶಾಸ್ತ್ರವೂ ಇದನ್ನೇ ಹೇಳುತ್ತದೆ. ಈ ಜಾತಿಯ ಮರಗಳ ಹೂಗಳು ಕಾಯಿಯ ಒಳಗೇ ಅರಳುತ್ತವೆ. ಅತಿ ಸಣ್ಣ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡಿ, ಅಲ್ಲಿಯೇ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ; ಅದರ ಸಂತತಿ ಅಲ್ಲಿಯೇ ಹುಟ್ಟುತ್ತದೆ. ಮರವಿಲ್ಲದೆ ಕಣಜವಿಲ್ಲ, ಕಣಜವಿಲ್ಲದೆ ಮರದ ಬೀಜವಿಲ್ಲ. ಜೀವಗಳು ಪರಸ್ಪರ ಉಪಕಾರದಿಂದ ಬದುಕುತ್ತವೆಂಬ ಉಮಾಸ್ವಾಮಿಗಳ ಸೂತ್ರಾರ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ಹೀಗೆ ನಾವು ತ್ಯಜಿಸಿದ ಹಣ್ಣು ಕುಟ್ರುಹಕ್ಕಿ, ಮಂಗಟ್ಟೆ, ಬಾವಲಿ, ಅಳಿಲುಗಳ ಪಾಲಾಗುತ್ತಿತ್ತು. ನಮ್ಮ ತ್ಯಾಗ ಅವುಗಳ ಆಹಾರವಾಗುವುದನ್ನು ಬಾಲ್ಯದಲ್ಲಿ ನಾನು ಎಷ್ಟೋ ಬಾರಿ ತಲೆಯೆತ್ತಿ ನೋಡುತ್ತ ನಿಂತದ್ದುಂಟು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಬಸದಿಯ ಜೀರ್ಣೋದ್ಧಾರ ಮುಗಿದು 2017ರಲ್ಲಿ ಪಂಚಕಲ್ಯಾಣ ಮಹೋತ್ಸವವನ್ನು ನಡೆಸುವುದೆಂದು ನಮ್ಮ ಆಡಳಿತ ಸಮಿತಿ ನಿಶ್ಚಯಿಸಿತು. ನಾನು ಆಗ ಸಮಿತಿಯ ಕಾರ್ಯದರ್ಶಿ. ಪರಸ್ಥಳದ ಯಾತ್ರಿಕರ ದೊಡ್ಡ ಬಸ್ಸುಗಳು ಬಸದಿಯವರೆಗೆ ಬರಬೇಕಾದರೆ, ಬಸದಿಯ ಜಮೀನಿನಲ್ಲಿ ಹಾದುಹೋಗುವ ಕೊನೆಯ ಅರ್ಧ ಕಿಲೋಮೀಟರು ದಾರಿಯನ್ನು ಅಗಲಗೊಳಿಸಬೇಕೆಂಬ ಸಲಹೆ ಬಂತು. ಅದಕ್ಕೆ ಅಡ್ಡವಾಗುತ್ತಿದ್ದುದು 14 ಮರಗಳು: ಧೂಪ ನಾಲ್ಕು, ಬಸರಿ ಮೂರು, ನೇರಳೆ ಮೂರು, ಅತ್ತಿ ಎರಡು, ಆಲ ಒಂದು, ಹಾಳೆ ಒಂದು. ಸಭೆಯಲ್ಲಿ ವಯೋವೃದ್ಧ ಶ್ರಾವಿಕೆಯೊಬ್ಬರು, ಬಸ್ಸುಗಳನ್ನು ಹೆದ್ದಾರಿಯ ಬಳಿಯೇ ನಿಲ್ಲಿಸಿ ಅಶಕ್ತರನ್ನು ಸಣ್ಣ ವಾಹನಗಳಲ್ಲಿ ಕರೆತರಲಾಗದೇ ಎಂದು ಕೇಳಿದರು. ಯಾತ್ರಿಕರಿಗೆ ಅನಾನುಕೂಲವಾಗುತ್ತದೆಂದು ಉತ್ತರ ಬಂತು. ಧರ್ಮಕಾರ್ಯಕ್ಕಾಗಿ ಆಗುವ ಹಿಂಸೆ ಆರಂಭೀ ಹಿಂಸೆ, ಗೃಹಸ್ಥರಿಗೆ ಅದು ಅನಿವಾರ್ಯ ಎಂದು ಒಬ್ಬರು ಹೇಳಿದರು. ನನಗೆ ಆ ತಾಯಿಯ ಮಾತು ಸರಿಯೆಂದು ತೋರಿತು. ಆದರೆ ಹೊತ್ತಾಗಿತ್ತು, ಹಿರಿಯರೊಡನೆ ವಾದ ಮಾಡುವುದು ಬೇಡವೆನಿಸಿತು, ಸುಮ್ಮನಿದ್ದೆ. ನಿರ್ಣಯ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂಬ ಪದವನ್ನು ಬರೆದದ್ದು ನನ್ನ ಕೈ. ಆ ತಾಯಿಯ ಅಭಿಪ್ರಾಯವನ್ನು ಬರೆದುಕೊಳ್ಳಲೂ ಇಲ್ಲ.

ಕಾನೂನಿನಲ್ಲಿ ಯಾವ ಲೋಪವೂ ಆಗಲಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದ ಇದೆ. ಅದರಂತೆ ಅರ್ಜಿ ಕೊಟ್ಟು, ಹಣ ಕಟ್ಟಿ, ಅನುಮತಿ ಪಡೆದೆವು. ಫೆಬ್ರವರಿಯಲ್ಲಿ ಕಡಿಯುವ ಕೆಲಸ ನಡೆಯಿತು. ಮೂರನೆಯ ದಿನ ದೊಡ್ಡ ಧೂಪದ ಮರ ಉರುಳಿದಾಗ ಕೂಲಿಯ ಆಳೊಬ್ಬನು ನನ್ನನ್ನು ಕರೆದು ಕಾಂಡದ ಪೊಟರೆಯೊಂದನ್ನು ತೋರಿಸಿದನು. ಅದರ ಬಾಯಿಯನ್ನು ಒಂದು ಸೀಳು ಮಾತ್ರ ಉಳಿಸಿ ಮೆತ್ತಿ ಮುಚ್ಚಲಾಗಿತ್ತು. ಬಿದ್ದ ರಭಸಕ್ಕೆ ಆ ಮೆತ್ತಿದ ಗೋಡೆ ಒಡೆದಿತ್ತು. ಒಳಗೆ ಬೂದುಬಣ್ಣದ ಮಂಗಟ್ಟೆಯ ಹೆಣ್ಣು ಹಕ್ಕಿ, ಒಡೆದ ಮೊಟ್ಟೆಗಳ ಮೇಲೆ ಸತ್ತು ಬಿದ್ದಿತ್ತು. ಮಂಗಟ್ಟೆಯ ಹೆಣ್ಣು ಮೊಟ್ಟೆಯಿಡುವ ಕಾಲದಲ್ಲಿ ಪೊಟರೆಯೊಳಗೆ ತನ್ನನ್ನು ತಾನೇ ಬಂಧಿಸಿಕೊಳ್ಳುತ್ತದೆ. ಮರಿಗಳು ಬೆಳೆಯುವವರೆಗೆ ಗಂಡು ಹಕ್ಕಿ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಓಡಿಹೋಗುವ ದಾರಿಯನ್ನು ಸ್ವತಃ ಮುಚ್ಚಿಕೊಂಡು, ಮರವನ್ನು ನಂಬಿ ಕುಳಿತ ಜೀವ ಅದು.

ಗಂಡು ಹಕ್ಕಿ ಆ ದಿನ ಮಧ್ಯಾಹ್ನವೂ ಬಂತು, ಮರುದಿನವೂ ಬಂತು. ಕೊಕ್ಕಿನಲ್ಲಿ ಬಸರಿಯ ಹಣ್ಣು ಇತ್ತು. ಮರವಿದ್ದ ಜಾಗದ ಸುತ್ತ ಹಾರಿ, ಎದುರಿನ ಮರದಲ್ಲಿ ಕುಳಿತು, ಮತ್ತೆ ಹಾರುತ್ತಿತ್ತು. ಮೂರು ದಿನಗಳ ಬಳಿಕ ಅದನ್ನು ನಾನು ಕಾಣಲಿಲ್ಲ.

ಮಹೋತ್ಸವ ವೈಭವದಿಂದ ನೆರವೇರಿತು. ಆದರೆ ದೊಡ್ಡ ಬಸ್ಸುಗಳು ಬಸದಿಯವರೆಗೆ ಬರಲಿಲ್ಲ. ಬಸದಿಯ ಮುಂದೆ ಅವು ತಿರುಗಲು ಸ್ಥಳ ಸಾಲದೆಂದು ಕಂಡುಬಂದುದರಿಂದ ಎಲ್ಲವನ್ನೂ ಹೆದ್ದಾರಿಯ ಬಳಿಯ ಬಯಲಿನಲ್ಲಿಯೇ ನಿಲ್ಲಿಸಬೇಕಾಯಿತು. ಯಾತ್ರಿಕರು ನಡೆದೂ ಸಣ್ಣ ವಾಹನಗಳಲ್ಲಿಯೂ ಬಂದರು. ಆ ವೃದ್ಧ ಶ್ರಾವಿಕೆ ಹೇಳಿದ್ದೇ ನಡೆಯಿತು. 14 ಮರಗಳು ಮಾತ್ರ ಇರಲಿಲ್ಲ. ಪೂಜ್ಯ ಮುನಿಯೊಬ್ಬರು ಸಂಘದೊಂದಿಗೆ ವಿಹಾರ ಮಾಡುತ್ತ ಬಂದಾಗ ಬೆಳಗಿನ ಹತ್ತು ಗಂಟೆ ದಾಟಿತ್ತು. ಮೂರೂವರೆ ಕಿಲೋಮೀಟರು ನೆರಳಿನಲ್ಲಿ ಬಂದ ಅವರು ನಾವು ಹೊಸದಾಗಿ ಡಾಮರು ಹಾಕಿಸಿದ ಭಾಗಕ್ಕೆ ಕಾಲಿಟ್ಟರು. ನಾಲ್ಕು ಹೆಜ್ಜೆ ಹಾಕಿ, ದಾರಿಯ ಅಂಚಿನ ಮಣ್ಣಿಗೆ ಸರಿದು ನಡೆದರು. ಅವರು ಏನನ್ನೂ ಹೇಳಲಿಲ್ಲ. ಹಿಂದೆ ಕಮಂಡಲು ಹಿಡಿದು ನಡೆಯುತ್ತಿದ್ದ ನನಗೆ ಕಂಡದ್ದು ಅವರ ಪಾದಗಳು ಮಾತ್ರ.

ಅಂದಿನಿಂದ ನಾನು ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿ ಮತ್ತೆ ಮತ್ತೆ ವಿಚಾರಿಸಿದ್ದೇನೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ಣವಾಗಿ ತಪ್ಪವು ಎಂಬುದು ನಿಜ. ಆದರೆ ‘ತಪ್ಪದು’ ಎಂಬ ಮಾತಿಗೆ ತಪ್ಪಿಸಲು ಪ್ರಯತ್ನಿಸಿದ ಮೇಲೆ ಮಾತ್ರ ಅರ್ಥ ಬರುತ್ತದೆ. ನಾವು ಪ್ರಯತ್ನಿಸಿರಲಿಲ್ಲ. ಬಸದಿಯ ಮುಂದೆ ಬಸ್ಸು ತಿರುಗುತ್ತದೆಯೇ ಎಂದು ಒಂದು ಹಗ್ಗ ಹಿಡಿದು ಅಳೆದಿದ್ದರೂ ಸಾಕಾಗಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ವನಸ್ಪತಿಯನ್ನು ಛೇದಿಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಆರಂಭೀ ಹಿಂಸೆಯೆಂದು ಸಭೆಯಲ್ಲಿ ಹೆಸರಿಟ್ಟದ್ದು ಕೊನೆಗೆ ಅನರ್ಥದಂಡವಾಯಿತು.

ಮರವು ಏಕೇಂದ್ರಿಯ ಜೀವವೆಂದು ಅದರ ನೋವನ್ನು ಲಘುವಾಗಿ ಎಣಿಸುವವರುಂಟು. ಏಕೇಂದ್ರಿಯಕ್ಕೂ ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂಬ ನಾಲ್ಕು ಪ್ರಾಣಗಳಿವೆ. ಅದೂ ಅಲ್ಲದೆ, ಹಳೆಯ ಮರವನ್ನು ಕಡಿದವನು ಒಂದೇ ಏಕೇಂದ್ರಿಯ ಜೀವಕ್ಕೆ ಮಾತ್ರ ಹಾನಿ ಮಾಡಿದೆನೆಂದು ಹೇಳಿಕೊಳ್ಳುವಂತಿಲ್ಲ. ತೊಗಟೆಯ ಇರುವೆಗಳು, ಕಾಯಿಯ ಕಣಜಗಳು, ಪೊಟರೆಯ ಪಂಚೇಂದ್ರಿಯ ಹಕ್ಕಿ ಇವೆಲ್ಲವೂ ಅದರೊಂದಿಗೆ ಬೀಳುತ್ತವೆ. ತ್ರಸಹಿಂಸೆಯ ತ್ಯಾಗ ಅಹಿಂಸಾಣುವ್ರತದ ಮೊದಲ ಮೆಟ್ಟಿಲು. ಮರದ ಕೊಂಬೆಯನ್ನು ಒಮ್ಮೆ ತಲೆಯೆತ್ತಿ ನೋಡದೆ ಸಹಿ ಹಾಕಿದ ನಾವು ಆ ಮೆಟ್ಟಿಲನ್ನೇ ಎಡವಿದೆವು.

ಕೊಡಲಿಯನ್ನು ಹಿಡಿದವನು ನಾನಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮವು ಆಸ್ರವಿಸುತ್ತದೆ. ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ನಮ್ಮ ಮನೆಗಳಲ್ಲಿ ಜೀವದಯಾಷ್ಟಮಿಯಂದು ಕೇಳುತ್ತೇವೆ. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು; ಆದರೂ ಸಂಕಲ್ಪದ ದೋಷದಿಂದ ಅವನೂ ಅವನ ತಾಯಿಯೂ ಜನ್ಮಜನ್ಮಾಂತರದ ದುಃಖಕ್ಕೆ ಗುರಿಯಾದರು. ಜೀವವಿಲ್ಲದ ಕೋಳಿಯ ವಿಷಯದಲ್ಲಿಯೇ ಹೀಗಾದರೆ, ಜೀವವಿರುವ ಮರಗಳ ವಿಷಯದಲ್ಲಿ, ಮನಸ್ಸು ಬೇಡವೆಂದಾಗಲೂ ‘ಸರ್ವಾನುಮತ’ ಎಂದು ಬರೆದವನ ಲೆಕ್ಕವೇನು? ಆರು ಜನ ದಾರಿಹೋಕರಲ್ಲಿ ಬುಡದಿಂದ ಕಡಿಯಬೇಕೆಂದವನಿಗೆ ಹಸಿವಾದರೂ ಇತ್ತು. ನನಗೆ ಇದ್ದದ್ದು ದಾಕ್ಷಿಣ್ಯ ಮಾತ್ರ.

ಪ್ರಾಯಶ್ಚಿತ್ತವೆಂದು ನಾನು ಗಿಡ ನೆಡಲಾರಂಭಿಸಿದೆ. 2017ರ ಮಳೆಗಾಲದಲ್ಲಿ ಉತ್ಸಾಹದಿಂದ 30 ಸಸಿಗಳನ್ನು ನೆಟ್ಟು ಭಾವಚಿತ್ರ ತೆಗೆಸಿಕೊಂಡೆವು. ಮುಂದಿನ ಬೇಸಿಗೆಯ ಕೊನೆಗೆ ಉಳಿದವು 11. ದನಗಳು ಮೇಯ್ದವು ಕೆಲವು, ಮಾರ್ಚ್ ತಿಂಗಳ ಬಿಸಿಲಿಗೆ ಒಣಗಿದವು ಹಲವು. ಆಗ ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಕೆಲಸದ ಕ್ರಮವನ್ನು ಗಮನವಿಟ್ಟು ತಿಳಿದುಕೊಂಡೆ. ಕಲ್ಲುಗಣಿಯಲ್ಲಿ ಕೂಲಿ ಮಾಡುತ್ತಿದ್ದ ಆ ತಾಯಿ ಪತಿ ಚಿಕ್ಕಯ್ಯನವರೊಂದಿಗೆ ಹುಲಿಕಲ್ಲು ಮತ್ತು ಕುದೂರುಗಳ ನಡುವಿನ ದಾರಿಯಲ್ಲಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ; ಎರಡನೆಯ ವರ್ಷ 15, ಮೂರನೆಯ ವರ್ಷ 20. ಬಿಂದಿಗೆಗಳಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಕಾಪಾಡಿದರು. ಹೀಗೆ ಬೆಳೆದದ್ದು 385 ಮರಗಳ ಸಾಲು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಅವರು ಕಾಲವಶರಾದರು. ನಾವು ಮೂವತ್ತರಿಂದ ಆರಂಭಿಸಿ ಸೋತಿದ್ದೆವು; ಅವರು ಹತ್ತರಿಂದ ಆರಂಭಿಸಿ, ಆ ಹತ್ತನ್ನು ಬದುಕಿಸಿದ ಮೇಲೆ ಮುಂದುವರಿದಿದ್ದರು.

ಆ ಪಾಠದಂತೆ ನಾವು ಕಡಿಮೆ ನೆಟ್ಟು ಹೆಚ್ಚು ಕಾಯಲು ಕಲಿತೆವು. ಧೂಪದ ಬೀಜವನ್ನು ಸಂಗ್ರಹಿಸಿಡಲಾಗದು. ಬಿದ್ದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಆಲ, ಬಸರಿಗಳ ದಪ್ಪ ಕೊಂಬೆಯನ್ನು ಮಳೆಯ ಆರಂಭದಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಮೊದಲ ಮೂರು ಬೇಸಿಗೆ ನೀರುಣಿಸಿದರೆ ನಾಲ್ಕನೆಯದನ್ನು ಗಿಡ ತಾನೇ ದಾಟುತ್ತದೆ. ಇಂದು ಆ ಅರ್ಧ ಕಿಲೋಮೀಟರಿನಲ್ಲಿ 26 ಗಿಡಗಳು ಬದುಕಿವೆ. ಹದಿನಾಲ್ಕಕ್ಕೆ ಇಪ್ಪತ್ತಾರು ಸಂದಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಂಗಟ್ಟೆ ಗೂಡು ಮಾಡುವಂಥ ಪೊಟರೆ ಮೂಡಲು ಮರಕ್ಕೆ ಹಲವು ದಶಕಗಳ ವಯಸ್ಸಾಗಬೇಕು. ಆ ಕಾಲವನ್ನು ಕಾಣಲು ನಾನಿರುವುದಿಲ್ಲ. ನನ್ನ ಮಕ್ಕಳೂ ವೃದ್ಧರಾಗಿರುತ್ತಾರೆ.

ಬಸದಿಗಳ ಆಡಳಿತ ಮಂಡಳಿಯ ಬಂಧುಗಳಲ್ಲಿ ನನ್ನದು ಕೆಲವು ವಿನಂತಿಗಳು. ಮರ ಕಡಿಯುವ ನಿರ್ಣಯವನ್ನು ಸಭಾಂಗಣದಲ್ಲಿ ಕುಳಿತು ಮಾಡಬೇಡಿರಿ; ಸಮಿತಿಯವರೆಲ್ಲರೂ ಆ ದಾರಿಯನ್ನು ಒಮ್ಮೆ ಬರಿಗಾಲಿನಲ್ಲಿ ನಡೆದು, ಪ್ರತಿಯೊಂದು ಮರದ ಕೆಳಗೂ ನಿಂತು ನೋಡಿದ ಮೇಲೆ ಮಾಡಿರಿ. ಬೇರೆ ಉಪಾಯವಿದೆಯೇ ಎಂಬುದನ್ನು ಅಳೆದು, ಆ ಅಳತೆಯನ್ನು ಬರೆದಿಡಿರಿ. ಕಡಿಯುವುದು ನಿಜವಾಗಿಯೂ ಅನಿವಾರ್ಯವಾದರೆ ಹಕ್ಕಿಗಳು ಗೂಡು ಕಟ್ಟುವ ಪುಷ್ಯದಿಂದ ಜ್ಯೇಷ್ಠದವರೆಗಿನ ಕಾಲದಲ್ಲಿ ಕೊಡಲಿಯನ್ನು ಮುಟ್ಟಬೇಡಿರಿ. ಒಬ್ಬರೇ ಒಬ್ಬರು ಬೇಡವೆಂದರೂ ಆ ಮಾತನ್ನು ನಿರ್ಣಯ ಪುಸ್ತಕದಲ್ಲಿ ದಾಖಲಿಸಿರಿ. ಇಲಾಖೆಯ ಅನುಮತಿ ಕಾನೂನಿನ ಪ್ರಶ್ನೆಗೆ ಉತ್ತರವೇ ಹೊರತು ವ್ರತದ ಪ್ರಶ್ನೆಗಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ನಾವು ಕೊಂಡಾಡುತ್ತೇವೆ. ದಾರಿಯ ಬದಿಯ ಮರ ಹಣ್ಣನ್ನೂ ಆಶ್ರಯವನ್ನೂ ತೊಗಟೆಯ ಔಷಧವನ್ನೂ ಕೊಡುತ್ತದೆ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾದಿ ಗ್ರಂಥಗಳು ನಮಗೆ ಉಳಿದದ್ದೂ ತಾಳೆಯ ಮರದ ಗರಿಗಳ ಮೇಲೆಯೇ. ಇಂಥ ದಾನಿಯ ಎದುರಿನಲ್ಲಿ ನಾವು ಮಾಡಬೇಕಾದದ್ದು ಅಷ್ಟು ಹೆಚ್ಚಿನದೇನೂ ಅಲ್ಲ.

ಅಂದು ಪ್ರಶ್ನೆ ಕೇಳಿದ ಶ್ರಾವಿಕೆಯವರು ಈಗ ಇಲ್ಲ. ಅವರು ಬದುಕಿದ್ದಾಗ, ಒಂದು ಕ್ಷಮಾವಣಿಯ ದಿನ ಅವರ ಮನೆಗೆ ಹೋಗಿ, ನಿಮ್ಮ ಮಾತನ್ನು ನಾನು ಬರೆದುಕೊಳ್ಳಲಿಲ್ಲ, ಕ್ಷಮಿಸಬೇಕು ಎಂದು ಕೇಳಿಕೊಂಡೆ. ನನ್ನಲ್ಲಿ ಕೇಳಿದಿರಿ, ಸರಿ. ಆ ಗಿಡಗಳಿಗೆ ನೀರು ಹಾಕುವುದನ್ನು ಮಾತ್ರ ನಿಲ್ಲಿಸಬೇಡಿರಿ ಎಂದರು. ಕಳೆದ ಬೇಸಿಗೆಯಲ್ಲಿ ಕೊಂಬೆಯಿಂದ ಬೆಳೆದ ಒಂದು ಬಸರಿ ಮೊದಲ ಬಾರಿಗೆ ಕಾಯಿ ಬಿಟ್ಟಿತು. ಅದರ ನೆರಳು ಈಗ ಒಬ್ಬರು ನಿಲ್ಲುವಷ್ಟಿದೆ. ಬೆಳಗಿನ ಪೂಜೆಗೆ ಹೋಗುವಾಗ ನಾನು ಅಲ್ಲಿ ಒಂದು ಕ್ಷಣ ನಿಂತು ಎದುರಿನ ಮರಗಳತ್ತ ಕಿವಿಗೊಡುತ್ತೇನೆ. ಕುಟ್ರುಹಕ್ಕಿ ಕೂಗುತ್ತದೆ. ಮಂಗಟ್ಟೆಯ ಕೂಗು ಇನ್ನೂ ಕೇಳಿಬಂದಿಲ್ಲ.